ಸಹಾಯ ಬೇಕು: ಗ್ರೀನ್ ಸ್ಕೇಲ್ ಬೆನ್ನಲ್ಲಿ ತೂತು, ಕಣಜದ ಕೆಲ್ಸಾನಾ?

ನಮಸ್ಕಾರ, ನಮ್ದು ಮೂಡಿಗೆರೆ ಹತ್ರ ಕಾಫಿ ತೋಟ. ಚಿಗುರಿಗೆಲ್ಲ ಗ್ರೀನ್ ಸ್ಕೇಲ್ (ರಸ ಹೀರೋ ಹಸಿರು ಕೀಟ) ಹತ್ತಿದೆ, ಎಲೆ ಮೇಲೆ ಅಂಟು, ಕಪ್ಪು ಮಸಿ, ಇರುವೆ ಸಾಲು ಬೇರೆ. ಸ್ಪ್ರೇ ಮಾಡೋಣ ಅಂತ ಹೋದವ್ನು ಲೆನ್ಸಲ್ಲಿ ನೋಡಿದ್ರೆ ಕೆಲವು ಸ್ಕೇಲ್ ಕಪ್ಪಾಗಿ ಬೆನ್ನಲ್ಲಿ ದುಂಡಗೆ ತೂತಿದೆ, ಪರಾವಲಂಬಿ ಕಣಜ ಒಳಗೇ ಬೆಳೆದು ಕೊರ್ಕೊಂಡು ಹೊರಗೆ ಬಂದಿರೋದು ಅನ್ಸುತ್ತೆ, ಅದಕ್ಕೆ ಸ್ಪ್ರೇ ನಿಲ್ಸಿದೀನಿ, ಔಷಧಿ ಹೊಡೆದ್ರೆ ಪಾಪ ಅವೂ ಸಾಯ್ತವೆ. ಹಿಟ್ಟು ತಿಗಣೆಗೆ ಅಂತ 1983ರಲ್ಲಿ ಟ್ರಿನಿಡಾಡ್‌ನಿಂದ ತಂದ ಲೆಪ್ಟೋಮ್ಯಾಸ್ಟಿಕ್ಸ್ ಕಣಜ ಗೊತ್ತು, ಇದು ಅದಲ್ಲ, ಸ್ಕೇಲ್ ಒಳಗೆ ಬೆಳೆಯೋ ಕಾಕೋಫೇಗಸ್ ಅನ್ನೋ ಕಣಜ ಇರಬಹುದಾ? ಸಕಲೇಶಪುರ, ಕೊಪ್ಪ, ಬಾಳೆಹೊನ್ನೂರು ಕಡೆಯವ್ರು ದಯವಿಟ್ಟು ಹೇಳಿ, ನಿಮ್ಮಲ್ಲೂ ಇಂಥ ತೂತು ಕಂಡಿದ್ಯಾ, ಯಾವ ತಿಂಗಳು, ಅರೇಬಿಕಾನಾ ರೊಬಸ್ಟಾನಾ? ಇರುವೆ ಇದ್ರೆ ಕಣಜಕ್ಕೆ ಮೊಟ್ಟೆ ಇಡೋಕೆ ಬಿಡಲ್ಲ, ಅದನ್ನ ಹೇಗೆ ತಡೀತೀರಾ ಅಂತಾನೂ ತಿಳ್ಸಿ. ಕಡ್ಡಿ ಸಮೇತ ಬಾಟಲಿಗೆ ಹಾಕಿ ಬಟ್ಟೆ ಕಟ್ಟಿಟ್ಟಿದೀನಿ, ಕಣಜ ಹೊರಗೆ ಬಂದ್ರೆ ಫೋಟೋ ಹಾಕ್ತೀನಿ.