ಸಹಾಯ ಬೇಕು: ಎಚ್.264 ಪೇಟೆಂಟ್ ಮತ್ತು ಮುಕ್ತ ತಂತ್ರಾಂಶದ ಪರವಾನಗಿ

ಎಲ್ಲರಿಗೂ ನಮಸ್ಕಾರ. ಇಂಟರ್ನೆಟ್ ಇಲ್ಲದ ಹಳ್ಳಿಯ ಶಾಲೆಗಳಲ್ಲಿ ಕನ್ನಡದ ವಿಜ್ಞಾನ ಪಾಠಗಳನ್ನು ಚಿತ್ರೀಕರಿಸಿ ತೋರಿಸಬಲ್ಲ ಪುಟ್ಟ ಸಾಧನವೊಂದನ್ನು ನಮ್ಮ ತಂಡ ಸಿದ್ಧಪಡಿಸುತ್ತಿದ್ದು, ಅದಕ್ಕೆ ಯಾವ ವಿಡಿಯೊ ಮಾನಕವನ್ನು ಆರಿಸಬೇಕೆಂಬ ಬಗ್ಗೆ ಬಲ್ಲವರ ಸಲಹೆ ಬೇಕಾಗಿದೆ.

2003ರಲ್ಲಿ ಬಂದ, ವಿಡಿಯೊವನ್ನು ಕುಗ್ಗಿಸಿಡುವ ಎಚ್.264 ಮಾನಕ ಬಹುತೇಕ ಎಲ್ಲ ಫೋನು, ಟಿವಿಗಳಲ್ಲಿ ನಡೆಯುತ್ತದೆ. ಅದನ್ನು ಅಳವಡಿಸುವ ಎಕ್ಸ್264 ತಂತ್ರಾಂಶ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಅಡಿಯಲ್ಲಿ ಮುಕ್ತವಾಗಿ ದೊರೆತರೂ, ಮಾನಕದೊಳಗಿನ ತಂತ್ರಗಳ ಮೇಲೆ ಹಲವು ಕಂಪನಿಗಳು ಹೊಂದಿರುವ ಪೇಟೆಂಟ್‌ಗಳಿಗೆ ಆ ಪರವಾನಗಿಯಿಂದ ಅನುಮತಿ ಸಿಗುವುದಿಲ್ಲ. ಸಿಸ್ಕೊ ಸಂಸ್ಥೆ 2013ರಲ್ಲಿ ಘೋಷಿಸಿದ, ಇದೇ ಮಾನಕವನ್ನು ಅಳವಡಿಸುವ ಓಪನ್‌ಎಚ್264 ತಂತ್ರಾಂಶದ ಪೇಟೆಂಟ್ ಶುಲ್ಕವನ್ನು ಅದೇ ಭರಿಸುತ್ತದೆಯಾದರೂ, ಅದರ ಸಿದ್ಧ ಕಡತವನ್ನು ಬಳಕೆದಾರರ ಸಾಧನಕ್ಕೆ ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕೆಂಬ ಷರತ್ತಿದೆ. ಮೂಲ ಸಂಕೇತದಿಂದ ನಾವೇ ಕಟ್ಟಿಕೊಂಡರೆ ಆ ರಕ್ಷಣೆ ಇಲ್ಲ. ಇಂಟರ್ನೆಟ್ಟೇ ಇಲ್ಲದ ಶಾಲೆಗೆ ಮೊದಲೇ ತುಂಬಿಸಿ ಕಳುಹಿಸುವ ಸಾಧನಕ್ಕೆ ಈ ಷರತ್ತು ನೇರ ಅಡ್ಡಿಯಾಗುತ್ತದೆ, ನಮ್ಮ ಮುಖ್ಯ ಚಿಂತೆಯೂ ಇದೇ.

2018ರಲ್ಲಿ ಬಂದ ಇನ್ನೊಂದು ವಿಡಿಯೊ ಮಾನಕ ಎವಿ1 ಅನ್ನು ರಾಯಧನವಿಲ್ಲದೆ ಬಳಸಬಹುದೆಂದು ಅದರ ರೂವಾರಿಗಳು ಹೇಳುತ್ತಾರೆ. ಆದರೆ ನಮ್ಮ ಅಗ್ಗದ ಚಿಪ್‌ಗೆ ಅದು ಭಾರ.

ಪೇಟೆಂಟ್ ಅವಧಿ 20 ವರ್ಷವಾದ್ದರಿಂದ, ಎಚ್.264ಕ್ಕೆ ಸಂಬಂಧಿಸಿ ಭಾರತದಲ್ಲಿ ಇನ್ನೂ ಜಾರಿಯಲ್ಲಿರುವ ಪೇಟೆಂಟ್‌ಗಳನ್ನು ಪತ್ತೆಹಚ್ಚುವ ಕ್ರಮವೇನು? ಗಣಕ ಕ್ರಮವಿಧಿಯಷ್ಟಕ್ಕೇ ಪೇಟೆಂಟ್ ಇಲ್ಲವೆನ್ನುವ ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಇಂಥ ಸಾಧನಕ್ಕೆ ಎಷ್ಟರಮಟ್ಟಿಗೆ ಆಸರೆಯಾದೀತು? ಕಡಿಮೆ ಸಂಖ್ಯೆಯ ಸಾಧನಗಳಿಗೆ ಪರವಾನಗಿ ಪಡೆದ ಅನುಭವವಿರುವವರು, ಅಥವಾ ಈ ಕ್ಷೇತ್ರದ ವಕೀಲರನ್ನು ಬಲ್ಲವರು, ದಯವಿಟ್ಟು ಇಲ್ಲಿಯೇ ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.