ಕುಂಬಳಕಾಯಿ ಗಾರಿಗೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತಿದೆ, ಮೂರು ಸಲವೂ ಕೆಟ್ಟಿತು: ದಯವಿಟ್ಟು ಕಾರಣ ತಿಳಿಸಿ

ಡೊಂಬಿವಲಿ_ಧಾರವಾಡ:
ಎಲ್ಲರಿಗೂ ನಮಸ್ಕಾರ. ಆಷಾಢ ಮುಗಿಯುವುದರೊಳಗೆ ಒಮ್ಮೆಯಾದರೂ ಮನೆಯಲ್ಲಿ ಗಾರಿಗೆ ಕರಿಯಬೇಕೆಂದು ಎರಡು ವಾರದಲ್ಲಿ ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಕೆಟ್ಟಿತು. ಎಣ್ಣೆಗೆ ಬಿಟ್ಟ ಕೂಡಲೇ ಅಂಚು ಬಿಚ್ಚಿಕೊಳ್ಳುತ್ತದೆ, ಅಲ್ಲಲ್ಲಿ ತೂತು ಬೀಳುತ್ತದೆ, ಹೊರಗೆ ಅರ್ಧ ನಿಮಿಷದಲ್ಲಿ ಕಪ್ಪಾದರೂ ಒಳಗೆ ಹಿಟ್ಟು ಹಸಿಯಾಗಿ ಅಂಟಂಟಾಗಿಯೇ ಇರುತ್ತದೆ, ತೆಗೆದು ಕಾಗದದ ಮೇಲೆ ಹರಡಿದರೆ ಕಾಗದವೆಲ್ಲ ತೊಯ್ದುಹೋಗುತ್ತದೆ. ಎಲ್ಲರೂ ಹಾಕುವುದನ್ನೇ ಹಾಕಿದ್ದೇನೆ: ಕುಂಬಳಕಾಯಿ, ಬೆಲ್ಲ, ಗೋಧಿ ಹಿಟ್ಟು, ಏಲಕ್ಕಿ, ಜಾಜಿಕಾಯಿ, ಸ್ವಲ್ಪ ಒಣಶುಂಠಿ, ಮೇಲೆ ಗಸಗಸೆ. ನನ್ನ ತಾಯಿ ಯಾವ ಅಳತೆಯೂ ಇಲ್ಲದೆ ಒಂದು ಡಬ್ಬಿ ತುಂಬ ಮಾಡಿಡುತ್ತಿದ್ದರು. ಕೆಳಗಿನ ಮನೆಯ ಮರಾಠಿ ಅಜ್ಜಿಯವರು ‘ಆಖಾಡ ತಳಣೆ’ (ಆಷಾಢದಲ್ಲಿ ತಿಂಡಿ ಕರಿಯುವ ಪದ್ಧತಿ) ಎಂದು ಇದನ್ನೇ ಘಾರ್ಗೆ ಎಂಬ ಹೆಸರಿನಲ್ಲಿ ಕರಿದು ನಮಗೂ ಕೊಟ್ಟರು. ಬಟ್ಟಲನ್ನು ಖಾಲಿ ಹಿಂದಿರುಗಿಸಲು ಮನಸ್ಸು ಒಪ್ಪುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಪುಣೆ_ಬಾಣಲೆ:
ಇದು ಎಣ್ಣೆಯ ಕಾವಿನ ದೋಷ, ಬೇರೇನೂ ಅಲ್ಲ. ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೂಡ ಇರುವುದರಿಂದ ಅದು ಬಿಳಿ ಸಕ್ಕರೆಗಿಂತ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ. ಖಾರದ ಪೂರಿಗೆ ಕಾಯಿಸುವಷ್ಟು ಎಣ್ಣೆ ಕಾಯಿಸಿದರೆ ಹೊರಗೆ ಕಪ್ಪು, ಒಳಗೆ ಹಸಿ ಆಗಿಯೇ ಆಗುತ್ತದೆ. ಸುಮಾರು 160ರಿಂದ 170 ಡಿಗ್ರಿಯಲ್ಲಿ ನಿಧಾನವಾಗಿ ಕರಿಯಿರಿ. ನಾನು ದಪ್ಪ ತಳದ ಬೀಡಿನ ಬಾಣಲೆಯನ್ನೇ ಬಳಸುತ್ತೇನೆ. ಒಮ್ಮೆಗೆ ನಾಲ್ಕು ಬಿಟ್ಟರೂ ಅದರ ಕಾವು ಇಳಿಯುವುದಿಲ್ಲ. ನಿಮ್ಮದು ತೆಳುವಾದ ಅಲ್ಯೂಮಿನಿಯಂ ಬಾಣಲೆಯೇ?

ಡೊಂಬಿವಲಿ_ಧಾರವಾಡ:
ಹಿಂಡಾಲಿಯಂ ಬಾಣಲೆ. ಎರಡನೆಯ ಸಲ ನೀವು ಹೇಳಿದ ಹಾಗೆಯೇ ಉರಿ ತಗ್ಗಿಸಿ ಕರಿದೆ. ಕಪ್ಪಾಗುವುದು ಕಡಿಮೆಯಾಯಿತು, ಆದರೆ ಬಿಚ್ಚಿಕೊಳ್ಳುವುದು ಇನ್ನೂ ಹೆಚ್ಚಿತು, ಎಣ್ಣೆಯನ್ನೂ ಹೆಚ್ಚು ಕುಡಿಯಿತು.

ಪುಣೆ_ಬಾಣಲೆ:
ಹಾಗಾದರೆ ಕಾವು ಅತಿಯಾಗಿ ಇಳಿದಿದೆ. ಅಂದಾಜಿನಲ್ಲಿ ಇದು ತಿಳಿಯುವುದಿಲ್ಲ, ಒಂದು ತಾಪಮಾಪಕ ಕೊಳ್ಳಿರಿ. ನನ್ನ ಬಳಿ ದೂರದಿಂದಲೇ ತೋರಿಸಿ ಅಳೆಯುವ ಇನ್‌ಫ್ರಾರೆಡ್ ಉಪಕರಣವಿದೆ. ಜೊತೆಗೆ ಗಾಣದ ಶೇಂಗಾ ಎಣ್ಣೆಯನ್ನೇ ತರುತ್ತೇನೆ, ಅದರಲ್ಲಿ ಕರಿದ ಗಾರಿಗೆಯ ಪರಿಮಳವೇ ಬೇರೆ.

ಕರಾವಳಿ_ಘಾಟ್‌ಕೋಪರ್:
ಅಕ್ಕಾ, ಕುಂಬಳಕಾಯಿಯ ಸಿಹಿಗೆ ಗೋಧಿ ಹಿಟ್ಟು ಹಾಕುವುದೇ ತೊಂದರೆಯ ಮೂಲ. ಬೆಳ್ತಿಗೆ ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿ, ನೀರನ್ನು ಪೂರ್ತಿ ಬಸಿದು, ತೆಂಗಿನತುರಿ, ಬೆಲ್ಲ, ಏಲಕ್ಕಿ ಮತ್ತು ತುರಿದ ಹಸಿ ಕುಂಬಳಕಾಯಿಯ ಜೊತೆ ತರಿತರಿಯಾಗಿ ರುಬ್ಬಿರಿ. ಕಾಯಿಯ ನೀರೇ ಸಾಕಾಗುತ್ತದೆ. ಕೈಯಿಂದ ಉಂಡೆಯಾಗಿ ಎಣ್ಣೆಗೆ ಬಿಡುವಷ್ಟು ಗಟ್ಟಿಯಿರಲಿ. ಇದು ಮುಳ್ಕ, ಲಟ್ಟಿಸುವ ಕೆಲಸವೇ ಇಲ್ಲ.

ಡೊಂಬಿವಲಿ_ಧಾರವಾಡ:
ಮುಳ್ಕ ತಿಂದಿದ್ದೇನೆ, ಇಷ್ಟವೂ ಹೌದು. ಆದರೆ ನಾನು ಕೇಳಿದ್ದು ಗಾರಿಗೆ. ತಟ್ಟಿ ಕರಿದದ್ದು ಪೂರಿಯಂತೆ ಉಬ್ಬಬೇಕು, ಎರಡು ದಿನ ಡಬ್ಬಿಯಲ್ಲಿ ಉಳಿಯಬೇಕು.

ಕರಾವಳಿ_ಘಾಟ್‌ಕೋಪರ್:
ಮುಳ್ಕವೂ ಎರಡು ದಿನ ಉಳಿಯುತ್ತದೆ.

ಮಡಗಾಂವ್_ಅಡುಗೆಮನೆ:
ಎಲ್ಲಕ್ಕಿಂತ ಮೊದಲು ಕಾಯಿ ಯಾವುದೆಂದು ಖಚಿತಪಡಿಸಿಕೊಳ್ಳೋಣ. ಗೋವೆಯ ಕೊಂಕಣಿಯಲ್ಲಿ ದುದ್ದಿ ಎಂದರೆ ಸಿಹಿಗುಂಬಳ. ನಾನು ಹೊಸದಾಗಿ ಮುಂಬೈಗೆ ಬಂದಿದ್ದಾಗ ತರಕಾರಿಯವರ ಬಳಿ ಅದೇ ಹೆಸರು ಹೇಳಿದರೆ ಸೋರೆಕಾಯಿ ಕೊಟ್ಟಿದ್ದರು. ಅಲ್ಲಿ ‘ಲಾಲ್ ಭೋಪಳಾ’ ಎಂದೇ ಕೇಳಬೇಕು. ಬೂದುಗುಂಬಳ ತಂದಿದ್ದರೆ ಗಾರಿಗೆ ಆಗುವುದೇ ಇಲ್ಲ.

ಡೊಂಬಿವಲಿ_ಧಾರವಾಡ:
ಕೆಂಪು ಕುಂಬಳಕಾಯಿಯೇ, ಸ್ಟೇಷನ್ ಹತ್ತಿರದ ಮಂಡಿಯಿಂದ ಕತ್ತರಿಸಿದ ಹೋಳು ತಂದೆ. ದಯವಿಟ್ಟು ಕಾಯಿಯ ಹೆಸರಿನ ಚರ್ಚೆ ಸಾಕು. ನಾಳಿದ್ದು ಭಾನುವಾರ, ಅಂದು ಮತ್ತೆ ಮಾಡಬೇಕೆಂದಿದ್ದೇನೆ.

ಪುಣೆ_ಬಾಣಲೆ:
ತಾಪಮಾಪಕವಿಲ್ಲದೆ ನಾಲ್ಕನೆಯ ಸಲ ಕರಿಯಬೇಡಿರಿ, ಹಿಟ್ಟು ವ್ಯರ್ಥವಾಗುತ್ತದೆ. ಹಿಟ್ಟು ಯಾವುದೆಂದೂ ನೀವು ಹೇಳಲಿಲ್ಲ.

ಡೊಂಬಿವಲಿ_ಧಾರವಾಡ:
ಹೇಳುವಂಥದ್ದೇನೂ ಇಲ್ಲವೆಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಗೋಧಿ ಎಂದರೆ ಊರಿಂದ ಬರುವ ಖಪಲಿ ಎಂಬ ಹಳೆಯ ಗೋಧಿ ತಳಿ, ಅದನ್ನೇ ಇಲ್ಲಿ ಗಿರಣಿಯಲ್ಲಿ ಬೀಸಿಸುತ್ತೇವೆ.

ಪುಣೆ_ಬಾಣಲೆ:
ಖಪಲಿಯೇ! ಅದರ ಅಂಟು ದುರ್ಬಲವಾದದ್ದು. ಅದಕ್ಕೆ ಸಾಧಾರಣ ಗೋಧಿಯಷ್ಟು ಹಿಗ್ಗುವ ಶಕ್ತಿ ಇಲ್ಲ.

ಮಡಗಾಂವ್_ಅಡುಗೆಮನೆ:
ಈವರೆಗೆ ಕಾವು ಎಂದವರು ಈಗ ಹಿಟ್ಟು ಎನ್ನುತ್ತಿದ್ದೀರಿ. ಖಪಲಿಯಲ್ಲಿ ಹೋಳಿಗೆಯನ್ನೂ ಮಾಡುತ್ತಾರೆ.

ಪುಣೆ_ಬಾಣಲೆ:
ಹೋಳಿಗೆಯನ್ನು ಹಂಚಿನ ಮೇಲೆ ಬೇಯಿಸುತ್ತಾರೆ. ಇದು ಎಣ್ಣೆಯಲ್ಲಿ ತೇಲಬೇಕಾದ ವಸ್ತು. ಕಾವಿನ ಮಾತನ್ನು ನಾನು ಹಿಂದೆಗೆದುಕೊಂಡಿಲ್ಲ.

ಮಾಟುಂಗಾ_ಹಿರಿಯೆ:
ತಂಗಿ, ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಈ ಊರಿಗೆ ಬಂದು ಬಹಳ ವರ್ಷಗಳಾದವು, ಪ್ರತಿ ಆಷಾಢದಲ್ಲೂ ಗಾರಿಗೆ ಮಾಡುತ್ತೇನೆ. ನೀನು ಹೇಳಿದ್ದರಲ್ಲಿ ‘ತೂತು ಬೀಳುತ್ತದೆ’ ಎಂಬ ಮಾತನ್ನು ಇಲ್ಲಿ ಯಾರೂ ಗಮನಿಸಿದಂತಿಲ್ಲ. ಮೂರು ಪ್ರಶ್ನೆ ಕೇಳುತ್ತೇನೆ, ಚಿಕ್ಕವೆಂದು ಬಿಡಬೇಡ. ಕರಿದಾದ ಮೇಲೆ ಎಣ್ಣೆ ಸೋಸಿದಾಗ ಬಾಣಲೆಯ ತಳದಲ್ಲಿ ಏನು ಉಳಿದಿತ್ತು? ಕುಂಬಳಕಾಯಿಯನ್ನು ಹೇಗೆ ಬೇಯಿಸಿದೆ? ಕಲಸಿದ ಹಿಟ್ಟನ್ನು ಎಷ್ಟು ಹೊತ್ತು ಇಟ್ಟೆ?

ಡೊಂಬಿವಲಿ_ಧಾರವಾಡ:
ಅಮ್ಮಾ, ತಳದಲ್ಲಿ ಡಾಂಬರಿನಂಥ ಕಪ್ಪು ಉಂಡೆಗಳು ಅಂಟಿಕೊಂಡಿದ್ದವು, ಉಜ್ಜಿ ತೆಗೆಯಲು ಸಾಕಾಯಿತು. ಕುಂಬಳಕಾಯಿಯನ್ನು ಎಂದಿನಂತೆ ಅರ್ಧ ಲೋಟ ನೀರು ಹಾಕಿ ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿ ಕಿವುಚಿದೆ. ಬೆಲ್ಲವನ್ನು ಕುಟ್ಟಿ ಹಿಟ್ಟಿನ ಜೊತೆಗೇ ಕಲಸಿದೆ. ಕಲಸುವಾಗ ಗಟ್ಟಿಯಾಗಿಯೇ ಇತ್ತು. ಎರಡು ಗಂಟೆ ಮುಚ್ಚಿಟ್ಟು ತೆಗೆದರೆ ಕೈಗೆ ಅಂಟುವಷ್ಟು ಸಡಿಲವಾಗಿತ್ತು, ಹಾಗಾಗಿ ಪ್ರತಿ ಸಲವೂ ಇನ್ನೊಂದಿಷ್ಟು ಹಿಟ್ಟು ಸೇರಿಸಿದೆ. ಗರಿಗರಿಯಾಗಲೆಂದು ಅರ್ಧ ಚಮಚ ಸೋಡಾವನ್ನೂ ಹಾಕಿದ್ದೆ.

ಮಾಟುಂಗಾ_ಹಿರಿಯೆ:
ಇಷ್ಟನ್ನು ಮೊದಲೇ ಬರೆದಿದ್ದರೆ ಈ ತಾಪಮಾಪಕದ ಚರ್ಚೆ ಬೇಕಿರಲಿಲ್ಲ. ಆ ಕಪ್ಪು ಉಂಡೆ ಕರಗದೆ ಉಳಿದ ಬೆಲ್ಲ. ಲಟ್ಟಿಸಿದ ಹಿಟ್ಟಿನಲ್ಲಿ ಬೆಲ್ಲದ ಚೂರಿದ್ದರೆ ಅದು ಕಾದ ಎಣ್ಣೆಯಲ್ಲಿ ಕರಗಿ ಹೊರಗೆ ಹರಿಯುತ್ತದೆ, ಅದಿದ್ದ ಜಾಗದಲ್ಲಿ ತೂತಾಗುತ್ತದೆ, ತೂತಿನೊಳಗೆ ಎಣ್ಣೆ ನುಗ್ಗುತ್ತದೆ. ಹರಿದ ಬೆಲ್ಲ ತಳ ಸೇರಿ ಸುಟ್ಟು, ಆಮೇಲೆ ಬಿಟ್ಟವುಗಳನ್ನೂ ಕಪ್ಪು ಮಾಡುತ್ತದೆ. ಕರಗದ ಬೆಲ್ಲ ಮುಚ್ಚಿಟ್ಟ ಹೊತ್ತಿನಲ್ಲಿ ಒಳಗೇ ಕರಗಿ ಪಾಕವಾಗುವುದರಿಂದ, ಕಲಸುವಾಗ ಗಟ್ಟಿಯಿದ್ದದ್ದು ಎರಡು ಗಂಟೆಯಲ್ಲಿ ನೀರು ಬಿಟ್ಟಂತೆ ಸಡಿಲವಾಗುತ್ತದೆ.

ಇನ್ನು ನೀರಿನ ವಿಷಯ. ಕುಂಬಳಕಾಯಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರೇ. ಅದಕ್ಕೆ ಕುಕ್ಕರಿನ ಅರ್ಧ ಲೋಟ ನೀರೂ ಸೇರಿದರೆ ಎಷ್ಟು ಹಿಟ್ಟು ಹಾಕಿದರೂ ಸಾಲದು, ಹಾಕಿದಷ್ಟೂ ರುಚಿ ಸಪ್ಪೆಯಾಗುತ್ತದೆ. ಸೋಡಾ ಪೂರ್ತಿ ಬಿಡು. ಬೆಲ್ಲದ ಹುಳಿಗುಣಕ್ಕೆ ಸೋಡಾ ತಾಗಿದರೆ ಹಿಟ್ಟು ಜಾಳುಜಾಳಾಗಿ ಎಣ್ಣೆ ಕುಡಿಯುತ್ತದೆ.

ಮಾಡುವ ರೀತಿ ಇದು. ಎರಡು ಬಟ್ಟಲು ಕುಂಬಳಕಾಯಿ ತುರಿಗೆ ಮುಕ್ಕಾಲು ಬಟ್ಟಲು ಪುಡಿ ಮಾಡಿದ ಬೆಲ್ಲ. ದಪ್ಪ ತಳದ ಪಾತ್ರೆಯಲ್ಲಿ ಒಂದು ಚಮಚ ತುಪ್ಪ ಬಿಟ್ಟು ತುರಿಯನ್ನು ನೀರಿಲ್ಲದೆ ಹುರಿ. ಅದರದೇ ನೀರಿನಲ್ಲಿ ಬೆಂದು ಮೆತ್ತಗಾದ ಮೇಲೆ ಬೆಲ್ಲ ಹಾಕು. ಬೆಲ್ಲ ಕರಗಿ ಮೊದಲು ಪಾಯಸದಂತೆ ತೆಳ್ಳಗಾಗುತ್ತದೆ, ಆಗ ಹೆದರಬೇಡ. ಚಮಚದಿಂದ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಕೂಡಲೇ ಮುಚ್ಚದಂತಾಗುವವರೆಗೆ ಕೈಯಾಡಿಸು. ಬೆಲ್ಲದಲ್ಲಿ ಕಸವಿದ್ದರೆ ಬೇರೆ ಪಾತ್ರೆಯಲ್ಲಿ ಎರಡು ಚಮಚ ನೀರಿನಲ್ಲಿ ಕರಗಿಸಿ ಸೋಸಿ ಹಾಕು, ಆ ನೀರೂ ಇಂಗಬೇಕು. ಇಳಿಸಿ ಏಲಕ್ಕಿ, ಜಾಜಿಕಾಯಿ, ಒಣಶುಂಠಿ, ಚಿಟಿಕೆ ಉಪ್ಪು ಹಾಕಿ ಪೂರ್ತಿ ಆರಲು ಬಿಡು. ಬಿಸಿಯಿರುವಾಗ ಹಿಟ್ಟು ಸೇರಿಸಿದರೆ ಎಷ್ಟು ಹಿಡಿಯುತ್ತದೆಂಬ ಅಂದಾಜು ತಪ್ಪುತ್ತದೆ. ಆರಿದ ಮೇಲೆ ಎರಡು ಚಮಚ ಸಣ್ಣ ರವೆ, ಎರಡು ಚಮಚ ಅಕ್ಕಿ ಹಿಟ್ಟು, ಒಂದು ಚಮಚ ಕಾದ ಎಣ್ಣೆ ಹಾಕಿ, ಗೋಧಿ ಹಿಟ್ಟನ್ನು ಆ ಮಿಶ್ರಣ ಬೇಡುವಷ್ಟು ಮಾತ್ರ ಸ್ವಲ್ಪ ಸ್ವಲ್ಪವಾಗಿ ಸೇರಿಸು. ಸುಮಾರು ಎರಡು ಬಟ್ಟಲು ಹಿಡಿಯಬಹುದು. ನೀರಿನ ಹನಿಯೂ ಬೇಡ. ಪೂರಿ ಹಿಟ್ಟಿನಷ್ಟು ಗಟ್ಟಿಯಿರಲಿ, ಇಪ್ಪತ್ತು ನಿಮಿಷ ಸಾಕು, ಎರಡು ಗಂಟೆ ಇಡಬೇಡ. ಖಪಲಿಯೇ ಬೇಕೆಂದರೆ ಅರ್ಧ ಖಪಲಿ, ಅರ್ಧ ಸಾಧಾರಣ ಗೋಧಿ ಹಾಕು. ಆ ಮಾತಿನಲ್ಲಿ ಪುಣೆಯವರು ಹೇಳಿದ್ದು ಸರಿಯಿದೆ.

ಪುಣೆ_ಬಾಣಲೆ:
ಬೆಲ್ಲದ ಚೂರಿನ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಆದರೂ ಕಾವಿನ ಅಳತೆ ತಿಳಿಸಿರಿ. ಎಲ್ಲ ಸರಿಯಾಗಿ ಕಲಸಿ ಹೊಗೆಯಾಡುವ ಎಣ್ಣೆಗೆ ಬಿಟ್ಟರೆ ಮತ್ತೆ ಹಸಿಯೇ.

ಮಾಟುಂಗಾ_ಹಿರಿಯೆ:
ನಾನು ಡಿಗ್ರಿಯಲ್ಲಿ ಎಂದೂ ಅಳೆದಿಲ್ಲ. ಕಡಲೆಕಾಳಿನಷ್ಟು ಹಿಟ್ಟು ಬಿಟ್ಟರೆ ತಳ ಮುಟ್ಟಿ, ಗುಳ್ಳೆ ಎಬ್ಬಿಸುತ್ತ ನಿಧಾನವಾಗಿ ಮೇಲೆ ಬರಬೇಕು. ತಳ ಮುಟ್ಟುವ ಮೊದಲೇ ಚಿಮ್ಮಿ ಬಂದು ಕೆಂಪಾದರೆ ಎಣ್ಣೆ ಹೆಚ್ಚು ಕಾದಿದೆ, ತಳದಲ್ಲೇ ಕುಳಿತರೆ ಕಾದಿಲ್ಲ. ಹಿಂಡಾಲಿಯಂ ಬಾಣಲೆಯಾದ್ದರಿಂದ ಒಮ್ಮೆಗೆ ಎರಡೇ ಬಿಡು.

ಕರಾವಳಿ_ಘಾಟ್‌ಕೋಪರ್:
ಅಮ್ಮಾ, ತುರಿಯನ್ನು ಹೀಗೆ ಹುರಿದು ಮುಳ್ಕದ ಅಕ್ಕಿಗೂ ಸೇರಿಸಬಹುದೇ? ಮಳೆಗಾಲದ ಕಾಯಿಯಲ್ಲಿ ನೀರು ಹೆಚ್ಚಾಗಿ ನಮ್ಮ ಹಿಟ್ಟೂ ಕೆಲವು ಸಲ ತೆಳ್ಳಗಾಗುತ್ತದೆ.

ಮಾಟುಂಗಾ_ಹಿರಿಯೆ:
ಮುಳ್ಕ ನನ್ನ ಕೈಯ ಅಡುಗೆಯಲ್ಲ, ಅದನ್ನು ನಿಮ್ಮ ಕಡೆಯವರೇ ಹೇಳಬೇಕು.

ಡೊಂಬಿವಲಿ_ಧಾರವಾಡ:
ಭಾನುವಾರ ಸಂಜೆ ಬರೆಯುತ್ತಿದ್ದೇನೆ. ತುರಿ ಹುರಿದು ಬೆಲ್ಲ ಇಂಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಪಾಯಸದಂತಾದ ಹಂತದಲ್ಲಿ ಹಿಟ್ಟು ಸುರಿದುಬಿಡಬೇಕೆಂದು ಕೈ ತುಡಿಯಿತು, ತಡೆದುಕೊಂಡೆ. ಒಟ್ಟು 22 ಗಾರಿಗೆಗಳಾದವು. ಮೊದಲಿನ ಎರಡು ದಪ್ಪವಾಗಿ ನಡುವೆ ಮೆತ್ತಗುಳಿದವು. ಉಳಿದವನ್ನು ಪೂರಿಗಿಂತ ಸ್ವಲ್ಪವೇ ದಪ್ಪ ತಟ್ಟಿದೆ. ಒಂದೂ ಬಿಚ್ಚಲಿಲ್ಲ, ಅರ್ಧದಷ್ಟು ಚೆನ್ನಾಗಿ ಉಬ್ಬಿದವು, ಬಾಣಲೆಯ ತಳ ಸ್ವಚ್ಛವಾಗಿತ್ತು. ಬಣ್ಣ ನನ್ನ ತಾಯಿಯ ಕೈಯದ್ದರ ಹಾಗೆಯೇ ಬಂದಿದೆ. ಅಜ್ಜಿಯವರ ಬಟ್ಟಲಿನಲ್ಲಿ ಎಂಟು ಇಟ್ಟು ಕೊಟ್ಟು ಬಂದೆ. ಒಂದೇ ಕೊರತೆ: ಗಸಗಸೆಯಲ್ಲಿ ಅರ್ಧಕ್ಕರ್ಧ ಎಣ್ಣೆಯಲ್ಲಿ ಉದುರಿತು.

ಮಾಟುಂಗಾ_ಹಿರಿಯೆ:
ಬಹಳ ಸಂತೋಷವಾಯಿತು. ತಟ್ಟಿದ ಮೇಲೆ ಗಸಗಸೆ ಉದುರಿಸಿದರೆ ನಿಲ್ಲುವುದಿಲ್ಲ. ತಟ್ಟೆಯಲ್ಲಿ ಗಸಗಸೆ ಹರಡಿ, ಉಂಡೆಯ ಒಂದು ಬದಿಗೆ ಒದ್ದೆ ಬೆರಳು ಸವರಿ ಅದರ ಮೇಲೆ ಒತ್ತಿ, ಆಮೇಲೆ ಎಣ್ಣೆ ಸವರಿದ ಬಾಳೆಯೆಲೆಯ ಮೇಲೆ ಆ ಬದಿ ಕೆಳಗಿರುವಂತೆ ಇಟ್ಟು ತಟ್ಟು. ಈಗ ಮಾಡಿದವು ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕು. ಬಿಸಿಯಾಗಿ ಮುಚ್ಚಿದರೆ ಈ ಮಳೆಯಲ್ಲಿ ನಾಳೆ ಬೆಳಗ್ಗೆಯೇ ಮೆತ್ತಗಾಗುತ್ತವೆ.

ಪುಣೆ_ಬಾಣಲೆ:
ಅಭಿನಂದನೆಗಳು. ಮುಂದಿನ ವಾರ ಇದೇ ಕ್ರಮದಲ್ಲಿ ಪೂರ್ತಿ ಖಪಲಿಯಿಂದ ಒಂದು ಪಾಲು, ಅರ್ಧರ್ಧದಿಂದ ಇನ್ನೊಂದು ಪಾಲು ಕರಿದು, ಎರಡರ ಕಾವನ್ನೂ ಬರೆದಿಟ್ಟು ಇಲ್ಲಿಯೇ ತಿಳಿಸುತ್ತೇನೆ.