ಕಿರುಚಿತ್ರೋತ್ಸವ ದೊಡ್ಡದಾಯಿತು, ಹೊಸಬರಿಗೆ ಜಾಗ ಸಿಕ್ಕಿತಾ?

ಪಡಸಾಲೆ: ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ಶುರುವಾಗಿದ್ದು 2010ರಲ್ಲಿ. ಈಗ ಅಲ್ಲಿ ಮುಖ್ಯ ಪ್ರಶಸ್ತಿ ಗೆದ್ದ ಚಿತ್ರ ಆಸ್ಕರ್ ಸ್ಪರ್ಧೆಗೆ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಥಿಯೇಟರ್ ಹಿಡಿದು ಒಂದು ವಾರ ಓಡಿಸುವ ತಾಪತ್ರಯ ಇಲ್ಲ. ಹೀಗಿದ್ದರೂ ಬಹಳ ಜನ 'ಉತ್ಸವ ಬೆಳೆಯಿತು, ನಮ್ಮ ಕೈ ತಪ್ಪಿತು' ಅಂತ ಹೇಳ್ತಾ ಇರ್ತಾರೆ. ನಾನು ಒಪ್ಪಲ್ಲ. ಮೊದಲ ಚಿತ್ರ ಮಾಡಿದವರಿಗೆ ನಮ್ಮ ಊರಲ್ಲೇ ಇಷ್ಟು ದೊಡ್ಡ ಬಾಗಿಲು ತೆರೆದಿದೆ.

ರಾಯಚೂರು ಹುಡುಗ: ಬಾಗಿಲು ಅಂದ್ರಲ್ಲ, ಅದಕ್ಕೇ ಹೇಳ್ತೀನಿ. ನಾನು ಕಳೆದ ವರ್ಷ ಒಂದೇ ಚಿತ್ರವನ್ನು ಆರು ಉತ್ಸವಗಳಿಗೆ ಕಳಿಸಿದೆ. ಆರಕ್ಕೂ ಪ್ರವೇಶ ಶುಲ್ಕ, ಅದೂ ಡಾಲರ್ ಲೆಕ್ಕ. ಕೊನೆಯ ದಿನಾಂಕ ಹತ್ತಿರ ಬಂದಷ್ಟೂ ಶುಲ್ಕ ಏರುತ್ತೆ. ಲೈಟು ಬಾಡಿಗೆಗೆ ಕೊಟ್ಟಿದ್ದಕ್ಕಿಂತ ಶುಲ್ಕಕ್ಕೆ ಜಾಸ್ತಿ ಹೋಯಿತು. ಒಂದು ಕಡೆ ಆಯ್ಕೆ ಆಯಿತು. ಬೆಳಗ್ಗೆ ಒಂಬತ್ತೂವರೆಗೆ ಹಾಕಿದರು. ನೋಡಿದವರು ಹನ್ನೊಂದು ಜನ, ಅದರಲ್ಲಿ ನಾಲ್ಕು ಜನ ನಮ್ಮ ತಂಡದವರೇ. ಎಡಗಡೆ ಸ್ಪೀಕರ್ ಕೆಲಸ ಮಾಡ್ತಿರಲಿಲ್ಲ. ಹೇಳೋಣ ಅಂದ್ರೆ ಒಬ್ಬರೂ ಇರಲಿಲ್ಲ.

ಖಾಯಂ ಪ್ರೇಕ್ಷಕ: ಒಂದು ಉತ್ಸವದ ಸ್ಪೀಕರ್ ಕೆಟ್ಟರೆ ಎಲ್ಲ ಉತ್ಸವವೂ ಕೆಟ್ಟದ್ದಾ? ಸುಚಿತ್ರಾ ಫಿಲ್ಮ್ ಸೊಸೈಟಿ ಶುರುವಾಗಿದ್ದು 1971ರಲ್ಲಿ. ಆಮೇಲೆ ಎಷ್ಟೋ ವರ್ಷ ಒಳ್ಳೆಯ ಕಿರುಚಿತ್ರ ನೋಡಬೇಕು ಅಂದ್ರೆ ನಮಗೆ ಬೇರೆ ಜಾಗವೇ ಇರಲಿಲ್ಲ. ಈಗ ಹುಡುಗರು ಫೋನಿನಲ್ಲಿ ತೆಗೆದ ಚಿತ್ರವನ್ನೂ ಪರದೆ ಮೇಲೆ ನೋಡ್ತೀವಿ. ನನಗೆ ಬೇಜಾರಾಗುವುದು ಒಂದೇ ವಿಷಯಕ್ಕೆ. 35, 40 ನಿಮಿಷದ ಚಿತ್ರಗಳು ಜಾಸ್ತಿ ಬರ್ತಿವೆ. ಒಂದೂವರೆ ಗಂಟೆಯ ಪ್ರದರ್ಶನದಲ್ಲಿ ಅಂಥವು ಎರಡು ಹಾಕಿದರೆ ಮುಗಿಯಿತು. 15 ನಿಮಿಷದವು ಆದರೆ ಆರು ಜನರಿಗೆ ಅವಕಾಶ.

ಕತ್ತರಿ ಕೆಲಸ: ಸರಿಯಾಗಿ ಹೇಳಿದಿರಿ. 40 ನಿಮಿಷದ್ದು ಕಿರುಚಿತ್ರವೇ ಅಲ್ಲ. ನಾನು ಎಡಿಟರ್. ಹೊಸಬರ ಚಿತ್ರಗಳಲ್ಲಿ ಅರ್ಧದಷ್ಟು ಕತ್ತರಿಸುವುದೇ ನನ್ನ ಕೆಲಸ.

ನೀಲಾಂಜನ: ಕಿರುಚಿತ್ರವೇ ಅಲ್ಲ ಅನ್ನುವುದಕ್ಕೆ ನೀವ್ಯಾರು? ಆಸ್ಕರ್ ನಿಯಮದಲ್ಲೇ ಪರದೆ ಮೇಲೆ ಬರುವ ಹೆಸರುಗಳ ಪಟ್ಟಿ ಸೇರಿಸಿ 40 ನಿಮಿಷದವರೆಗೆ ಕಿರುಚಿತ್ರ. ಈ ಚರ್ಚೆ ಶುರುವಾಗಿದ್ದೇ ಆಸ್ಕರ್ ಅರ್ಹತೆಯಿಂದ ಅಲ್ವಾ?

ಕತ್ತರಿ ಕೆಲಸ: ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಯಲ್ಲಿ ಮಿತಿ 15 ನಿಮಿಷ. ಅದನ್ನು ಯಾಕೆ ಹೇಳಲ್ಲ?

ನೀಲಾಂಜನ: ಅಮೆರಿಕದ ಸನ್‌ಡ್ಯಾನ್ಸ್ ಉತ್ಸವದಲ್ಲಿ 50 ನಿಮಿಷದೊಳಗಿನವೂ ಕಿರುಚಿತ್ರವೇ. ಅದನ್ನು ನೀವು ಯಾಕೆ ಹೇಳಲ್ಲ? ಕಾನ್‌ನಲ್ಲೇ ವಿದ್ಯಾರ್ಥಿಗಳ ಲಾ ಸಿನೆಫ್ ವಿಭಾಗಕ್ಕೆ ಒಂದು ಗಂಟೆಯವರೆಗಿನ ಚಿತ್ರ ಕಳಿಸಬಹುದು.

ಕತ್ತರಿ ಕೆಲಸ: ಲಾ ಸಿನೆಫ್ ಅಂದ್ರಲ್ಲ, ಸಂತೋಷ. 2024ರಲ್ಲಿ ಅಲ್ಲಿ ಮೊದಲ ಬಹುಮಾನ ಬಂದಿದ್ದು ನಮ್ಮ ಚಿದಾನಂದ ಎಸ್. ನಾಯ್ಕ್ ಅವರ ಚಿತ್ರಕ್ಕೆ. ಅಜ್ಜಿಯೊಬ್ಬಳು ಊರಿನ ಹುಂಜ ಕದಿಯುವ ಜಾನಪದ ಕತೆ, ಕನ್ನಡದ್ದೇ. ಎಷ್ಟು ನಿಮಿಷ ಗೊತ್ತಾ? 16. ಚಿತ್ರೀಕರಣ ನಾಲ್ಕೇ ದಿನ. 16 ನಿಮಿಷದಲ್ಲಿ ಒಂದು ಇಡೀ ಊರು ಹೇಳಲು ಆಗುತ್ತೆ ಅಂದ ಮೇಲೆ ನಿಮಗೆ 40 ಯಾಕೆ ಬೇಕು?

ರಾಯಚೂರು ಹುಡುಗ: 'ನಮ್ಮ' ಅಂತ ಹೇಳಿಕೊಳ್ಳಲು ಎಲ್ಲರೂ ಮುಂದೆ. ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದವರು. ಕ್ಯಾಮೆರಾ, ಎಡಿಟಿಂಗ್, ಸೌಂಡ್ ಎಲ್ಲಕ್ಕೂ ಅಲ್ಲೇ ಕಲಿಯುವವರು ಸಿಕ್ಕರು. ನನ್ನ ಸೌಂಡ್ ಮಾಡಿದ್ದು ಮದುವೆ ವಿಡಿಯೊ ಮಾಡುವ ಗೆಳೆಯ.

ಖಾಯಂ ಪ್ರೇಕ್ಷಕ: ಪುಣೆಯಲ್ಲಿ ಓದುವುದು ತಪ್ಪಾ? ಗಿರೀಶ ಕಾಸರವಳ್ಳಿಯವರು ಅಲ್ಲಿ ಮಾಡಿದ ಡಿಪ್ಲೊಮಾ ಚಿತ್ರ 'ಅವಶೇಷ'ಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. 1977ಕ್ಕೆ ಪೂರ್ಣಪ್ರಮಾಣದ ಚಿತ್ರ 'ಘಟಶ್ರಾದ್ಧ'. ಕಿರುಚಿತ್ರದಿಂದಲೇ ದೊಡ್ಡ ನಿರ್ದೇಶಕರು ಬರುತ್ತಾರೆ ಅನ್ನುವುದಕ್ಕೆ ಇನ್ನೇನು ಬೇಕು?

ರಾಯಚೂರು ಹುಡುಗ: ಅದನ್ನೇ ನಾನೂ ಹೇಳಿದ್ದು! ಸಂಸ್ಥೆ ಇದ್ದವರಿಗೆ ದಾರಿ ಇದೆ. ಇಲ್ಲದವರ ಮಾತು ಬಂದಾಗ ಸುಮ್ನೆ ಆಗ್ತೀರಿ.

ನೀಲಾಂಜನ: ನಾನು 40 ನಿಮಿಷದ ಮಾತಿಗೆ ಬರ್ತೀನಿ. ನನ್ನ ಚಿತ್ರ 34 ನಿಮಿಷ ಇತ್ತು. ಒಬ್ಬ ಎಡಿಟರ್ ಅದನ್ನು 14ಕ್ಕೆ ಇಳಿಸಿದರು. ಅಮ್ಮ ತಾರಸಿಯಲ್ಲಿ ಸಂಡಿಗೆ ಇಡುವ ದೃಶ್ಯ ಇತ್ತು. ಹಿಟ್ಟು ಹದ ನೋಡ್ತಾಳೆ. ಸೀರೆ ಹಾಸಿ ನಾಲ್ಕು ಮೂಲೆಗೂ ಕಲ್ಲು ಇಡ್ತಾಳೆ. ಮೊದಲ ಸಂಡಿಗೆ ಕಾಗೆಗೆ ಅಂತ ಪಕ್ಕಕ್ಕೆ ಇಡ್ತಾಳೆ. ಅಷ್ಟರಲ್ಲಿ ಒಳಗೆ ಫೋನ್ ಬಡಿದುಕೊಳ್ಳುತ್ತೆ, ಅವಳು ಎತ್ತಲ್ಲ. ಆ ಫೋನು ಯಾರದು ಅಂತ ಅವಳಿಗೆ ಗೊತ್ತು. ಅದು ನೋಡುವವರಿಗೆ ತಿಳಿಯಬೇಕಾದರೆ ಆರು ನಿಮಿಷ ಬೇಕೇ ಬೇಕು. 14 ನಿಮಿಷದ ಚಿತ್ರದಲ್ಲಿ ಉಳಿದಿದ್ದು ಫೋನ್ ಸದ್ದು ಮಾತ್ರ.

ಕತ್ತರಿ ಕೆಲಸ: ಆರು ನಿಮಿಷ ಸಂಡಿಗೆ! ನಾನಾಗಿದ್ದರೆ ಕಲ್ಲು ಇಡುವುದು ಮತ್ತು ಫೋನು, ಎರಡೇ ಶಾಟ್ ಇಡ್ತಿದ್ದೆ.

ನೀಲಾಂಜನ: ನೀವು ಆ ಚಿತ್ರ ನೋಡದೆಯೇ ಕತ್ತರಿ ಹಾಕಿದಿರಿ. ಇದೇ ಅಹಂಕಾರ. ಹೊಸಬರ ಚಿತ್ರ ಅಂದ ಕೂಡಲೇ ಎಲ್ಲರಿಗೂ ಕತ್ತರಿಸುವ ಹಕ್ಕು ಬಂದುಬಿಡುತ್ತೆ.

ಕತ್ತರಿ ಕೆಲಸ: ಅಹಂಕಾರ ಅನ್ನಬೇಡಿ. ಹನ್ನೆರಡು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಎಷ್ಟೋ ಹುಡುಗರಿಗೆ ದುಡ್ಡು ತೆಗೆದುಕೊಳ್ಳದೆ ಮಾಡಿಕೊಟ್ಟಿದ್ದೀನಿ.

ಪಡಸಾಲೆ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಫ್ರಾನ್ಸ್‌ನ ಕ್ಲೆರ್ಮೋಂಟ್-ಫೆರಾಂಡ್ ನೋಡಿ. ವಿದ್ಯಾರ್ಥಿಗಳ ಫಿಲ್ಮ್ ಕ್ಲಬ್ಬು 1979ರಲ್ಲಿ ಮಾಡಿದ ಕಿರುಚಿತ್ರ ವಾರದಿಂದ ಬೆಳೆದಿದ್ದು. ಈಗ ಒಂದೂವರೆ ಲಕ್ಷಕ್ಕೂ ಜಾಸ್ತಿ ಟಿಕೆಟ್ ಹೋಗುತ್ತೆ. 1986ರಿಂದ ಅದರ ಜೊತೆಗೇ ಕಿರುಚಿತ್ರಗಳ ಮಾರುಕಟ್ಟೆ ಇದೆ. ಟಿವಿಯವರು, ವಿತರಕರು ಬಂದು ಚಿತ್ರ ಕೊಳ್ಳುತ್ತಾರೆ. ನಾವು ಬೆಳೆಯಬೇಕಾದ್ದು ಹಾಗೆ.

ರಾಯಚೂರು ಹುಡುಗ: ಕೊಳ್ಳುತ್ತಾರೆ ಅಂದ್ರಿ. ಇಲ್ಲಿ ಯಾರು ಕೊಳ್ಳುತ್ತಾರೆ ಹೇಳಿ. ಪ್ರಮಾಣಪತ್ರ ಕೊಡ್ತಾರೆ, ಆಯ್ಕೆ ಆಯಿತು ಅಂತ ಪೋಸ್ಟರಿಗೆ ಹಾಕಿಕೊಳ್ಳಲು ಲಾರೆಲ್ ಎಲೆಯ ಗುರುತು ಕೊಡ್ತಾರೆ. ಅದನ್ನು ತೋರಿಸಿದರೆ ಬ್ಯಾಂಕಿನವರು ಸಾಲ ಕೊಡ್ತಾರಾ?

ಖಾಯಂ ಪ್ರೇಕ್ಷಕ: ಕೇರಳದಲ್ಲಿ 2008ರಿಂದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವ ನಡೆಸ್ತಿರುವುದು ಸರ್ಕಾರದ ಚಲಚಿತ್ರ ಅಕಾಡೆಮಿಯೇ. ನಮ್ಮ ಅಕಾಡೆಮಿಯೂ ಶುಲ್ಕ ಇಲ್ಲದ ಒಂದು ವಿಭಾಗ ಶುರು ಮಾಡಲಿ. ಈ ಮಾತಿಗಾದರೂ ರಾಯಚೂರಿನವರ ಜೊತೆ ನಾನಿದ್ದೀನಿ.

ರಾಯಚೂರು ಹುಡುಗ: 'ಈ ಮಾತಿಗಾದರೂ' ಯಾಕೆ? ಸ್ಪೀಕರ್ ಮಾತಿಗೂ ಇರಬೇಕಿತ್ತು.

ಕತ್ತರಿ ಕೆಲಸ: ಶುಲ್ಕ ಇಲ್ಲದಿದ್ದರೆ 40 ನಿಮಿಷದ ಚಿತ್ರಗಳ ರಾಶಿಯೇ ಬೀಳುತ್ತೆ. ಆಯ್ಕೆ ಸಮಿತಿಯವರು ಎಲ್ಲವನ್ನೂ ಕೊನೆವರೆಗೂ ನೋಡಬೇಕಲ್ಲ.

ನೀಲಾಂಜನ: ನೋಡಲಿ. ಅದು ಅವರ ಕೆಲಸ. ನನ್ನ 34 ನಿಮಿಷದ ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೂ ಇದೆ. ಈ ಸಲ ಅದನ್ನೇ ಕಳಿಸ್ತೀನಿ.

ಕತ್ತರಿ ಕೆಲಸ: ಕಳಿಸುವ ಮುಂಚೆ ನನಗೆ ಲಿಂಕ್ ಹಾಕಿ. ಸಂಡಿಗೆ ದೃಶ್ಯ ಪೂರ್ತಿ ನೋಡ್ತೀನಿ. ಆದರೆ 15 ನಿಮಿಷ ಅನ್ನುವ ಮಾತಿನಿಂದ ಹಿಂದೆ ಸರಿಯಲ್ಲ.

ನೀಲಾಂಜನ: ಲಿಂಕ್ ಹಾಕಲ್ಲ. ಪರದೆ ಮೇಲೆ ನೋಡಿ.